ಕ್ರಿಶ್ಚಿಯನ್, ಫ್ರೆಡೆರಿಕ್, ಮತ್ತೆ ಕ್ರಿಶ್ಚಿಯನ್: ರೋಸ್ಕಿಲ್ಡೆ ಪ್ರವಾಸ

ಕೋಪನ್‌ಹೇಗನ್‌ನಿಂದ ರೋಸ್ಕಿಲ್ಡೆಗೆ ರೈಲಿನಲ್ಲಿ ಅರ್ಧ ಗಂಟೆ ಸಾಕು. ಸ್ಟೇಷನ್‌ನಿಂದ ನಡೆದುಕೊಂಡೇ ಹೋಗಬಹುದು. ಊರ ಮಧ್ಯೆ ಕೆಂಪು ಇಟ್ಟಿಗೆಯ ಕಥೀಡ್ರಲ್ (ಬಿಷಪ್‌ನ ದೊಡ್ಡ ಚರ್ಚು) ಎದ್ದು ಕಾಣುತ್ತದೆ. 12ನೇ ಶತಮಾನದಲ್ಲಿ ಕಟ್ಟಲು ಶುರು ಮಾಡಿದ್ದು. ಡೆನ್ಮಾರ್ಕ್‌ನ ಸುಮಾರು 40 ರಾಜ-ರಾಣಿಯರ ಸಮಾಧಿಗಳು ಇಲ್ಲಿವೆ. ಜನ ಸಾಮಾನ್ಯವಾಗಿ ಕೋಪನ್‌ಹೇಗನ್‌ನ ಅರಮನೆ ನೋಡಿ ವಾಪಸಾಗುತ್ತಾರೆ. ನನ್ನ ಕೇಳಿದರೆ, ಅರಮನೆ ಬಿಟ್ಟರೂ ಪರವಾಗಿಲ್ಲ, ಇದನ್ನು ಬಿಡಬಾರದು.

ಒಳಗೆ ಸುತ್ತುತ್ತಾ ಹೋದಂತೆ ಹೆಸರುಗಳೇ ಗೊಂದಲ ಹುಟ್ಟಿಸುತ್ತವೆ. 1513ರಿಂದ 1972ರವರೆಗೆ ಆಳಿದವರೆಲ್ಲ ಒಬ್ಬ ಕ್ರಿಶ್ಚಿಯನ್, ಮುಂದಿನವನು ಫ್ರೆಡೆರಿಕ್, ಮತ್ತೆ ಕ್ರಿಶ್ಚಿಯನ್. ಒಂದು ಸಲವೂ ತಪ್ಪಿಲ್ಲ!

ಒಂದನೇ ಕ್ರಿಶ್ಚಿಯನ್ ಕಟ್ಟಿಸಿದ ಚಾಪೆಲ್‌ನಲ್ಲಿ (ಚರ್ಚಿಗೆ ಸೇರಿದ ಚಿಕ್ಕ ಪ್ರಾರ್ಥನಾ ಮಂದಿರ) ಒಂದು ಕಂಬವಿದೆ. ಬಂದುಹೋದ ರಾಜರ ಎತ್ತರವನ್ನು ಅದರ ಮೇಲೆ ಗೆರೆ ಎಳೆದು ಗುರುತು ಮಾಡಿದ್ದಾರೆ. ರಷ್ಯಾದ ಪೀಟರ್ ದೊರೆಯದು 208 ಸೆಂ.ಮೀ. ಅದಕ್ಕೂ ಮೇಲೆ, ತಲೆ ಎತ್ತಿ ನೋಡಬೇಕಾದಷ್ಟು ಎತ್ತರದಲ್ಲಿ, ಒಂದನೇ ಕ್ರಿಶ್ಚಿಯನ್‌ನ ಗೆರೆ: ಸುಮಾರು 219 ಸೆಂ.ಮೀ. ಆದರೆ ಅವನ ಮೂಳೆಗಳನ್ನು ಅಳೆದಾಗ ಸಿಕ್ಕಿದ್ದು 188 ಮಾತ್ರ. ಆ ಕಾಲಕ್ಕೆ ಅದೂ ಒಳ್ಳೆಯ ಎತ್ತರವೇ ಅಲ್ವಾ?

ನಾಲ್ಕನೇ ಕ್ರಿಶ್ಚಿಯನ್‌ನ ಚಾಪೆಲ್‌ನಲ್ಲಿ ತುಂಬಾ ಹೊತ್ತು ನಿಂತೆ. 1588ರಿಂದ 1648ರವರೆಗೆ ಆಳಿದವನು. 1644ರ ಸಮುದ್ರ ಯುದ್ಧದಲ್ಲಿ ಒಂದು ಕಣ್ಣು ಹೋಯಿತು. ಗಾಯಗೊಂಡೂ ಹಡಗಿನ ಮೇಲೆ ನಿಂತಿರುವ ಅವನ ದೊಡ್ಡ ಚಿತ್ರ ಗೋಡೆಯ ಮೇಲಿದೆ. ನಮ್ಮ ಕಡೆಯವರಿಗೆ ಅವನ ಹೆಸರು ಗೊತ್ತಿರಬೇಕು. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನ ಜೊತೆ ಒಪ್ಪಂದ ಮಾಡಿಕೊಂಡು ತಮಿಳುನಾಡಿನ ತರಂಗಂಬಾಡಿಯಲ್ಲಿ ಕೋಟೆ ಕಟ್ಟಿದ್ದು ಇವನ ಕಾಲದ ಡೆನ್ಮಾರ್ಕಿನವರೇ. 1845ರಲ್ಲಿ ಅದನ್ನು ಬ್ರಿಟಿಷರಿಗೆ ಮಾರಿದರು. ಆ ಡ್ಯಾನ್ಸ್‌ಬೋರ್ಗ್ ಕೋಟೆ ಈಗಲೂ ಅಲ್ಲಿನ ಕಡಲ ತೀರದಲ್ಲಿದೆ.

ಇಷ್ಟೆಲ್ಲ ರಾಜರಿದ್ದರೂ ಚರ್ಚಿನ ಮುಖ್ಯ ಜಾಗ ಸಿಕ್ಕಿರುವುದು ಒಬ್ಬ ಹೆಂಗಸಿಗೆ. ಬಲಿಪೀಠದ ಹಿಂದೆಯೇ ರಾಣಿ ಒಂದನೇ ಮಾರ್ಗರೆಥೆಯ ಸಮಾಧಿ. ಮೇಲೆ ಕೈ ಜೋಡಿಸಿ ಮಲಗಿರುವ ಬಿಳಿ ಮೂರ್ತಿ. ಹತ್ತು ವರ್ಷದ ಹುಡುಗಿಯಾಗಿ ನಾರ್ವೆಯ ರಾಜನಿಗೆ ಮದುವೆಯಾದವಳು. 1387ರಲ್ಲಿ ಒಬ್ಬನೇ ಮಗ ತೀರಿಕೊಂಡ. ಆ ದುಃಖದಲ್ಲೂ ಆಳ್ವಿಕೆ ಬಿಡಲಿಲ್ಲ. 1397ರಲ್ಲಿ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರನ್ನೂ ಒಂದೇ ಆಳ್ವಿಕೆಗೆ ತಂದಳು. 1412ರಲ್ಲಿ ಸತ್ತಾಗ ಮೊದಲು ಸೋರೊ ಎಂಬಲ್ಲಿ ಮಣ್ಣು ಮಾಡಿದ್ದರು. ರೋಸ್ಕಿಲ್ಡೆಯ ಬಿಷಪ್ ಮರುವರ್ಷವೇ ದೇಹವನ್ನು ಇಲ್ಲಿಗೆ ತರಿಸಿದ. ನನಗಂತೂ ಆ ಕ್ರಿಶ್ಚಿಯನ್, ಫ್ರೆಡೆರಿಕ್‌ಗಳಿಗಿಂತ ಇವಳೇ ಜಾಸ್ತಿ ದೊಡ್ಡವಳು.

ಡೆನ್ಮಾರ್ಕ್‌ನ ಹಿಂದಿನ ರಾಣಿ ಎರಡನೇ ಮಾರ್ಗರೆಥೆ ಇನ್ನೂ ಬದುಕಿದ್ದಾರೆ. ಆದರೂ ಅವರ ಸಮಾಧಿ ಆಗಲೇ ತಯಾರು. ಗಾಜಿನದು, ಕೆಳಗಿನ ಕಂಬಗಳಿಗೆ ಗ್ರೀನ್‌ಲ್ಯಾಂಡ್‌ನ ಅಮೃತಶಿಲೆ, ಫಾರೋ ದ್ವೀಪಗಳ ಬಸಾಲ್ಟ್ ಕಲ್ಲು ಬಳಸಿದ್ದಾರೆ. ಪಕ್ಕದಲ್ಲಿ ಇರಬೇಕಾಗಿದ್ದ ಗಂಡ ಹೆನ್ರಿಕ್ ಮಾತ್ರ ಅಲ್ಲಿ ಮಲಗಲು ಒಪ್ಪಲಿಲ್ಲ. ಜೀವಮಾನವಿಡೀ ತನಗೆ ರಾಜನ ಪದವಿ ಕೊಡಲಿಲ್ಲ ಎಂಬ ನೋವು ಅವರಿಗೆ. 2018ರಲ್ಲಿ ತೀರಿಕೊಂಡಾಗ ಅರ್ಧ ಚಿತಾಭಸ್ಮವನ್ನು ಸಮುದ್ರದಲ್ಲಿ ಬಿಟ್ಟರು.

ಮಾರ್ಗರೆಥೆ 2024ರ ಜನವರಿಯಲ್ಲಿ ಪಟ್ಟ ಬಿಟ್ಟುಕೊಟ್ಟರು. ಈಗ ಆಳುತ್ತಿರುವುದು ಹತ್ತನೇ ಫ್ರೆಡೆರಿಕ್. ಯುವರಾಜನ ಹೆಸರು ಕ್ರಿಶ್ಚಿಯನ್.