ಸುಲ್ತಾನ್‌ಪಾಳ್ಯದ ಮೊಸಳೆ ಮತ್ತು ನಮ್ಮ ಹೈವೇ ಕ್ಲಾಸು

2015ರ ಜೂನ್. ನಾವು ಸಿವಿಲ್ ವಿಭಾಗದ ಮೂರನೇ ವರ್ಷದಲ್ಲಿದ್ದೆವು. ಹಾಸ್ಟೆಲಿನ ಎಲ್ಲರ ಮೊಬೈಲಿನಲ್ಲೂ ಒಂದೇ ಫೋಟೊ: ಬೆಂಗಳೂರಿನ ಸುಲ್ತಾನ್‌ಪಾಳ್ಯ ಮುಖ್ಯರಸ್ತೆಯ ನಡುವೆ ನೀರು ನಿಂತ ಗುಂಡಿ, ಅದರೊಳಗೆ ಆರಾಮಾಗಿ ಮಲಗಿದ ಮೊಸಳೆ. ಕಲಾವಿದ ಬಾದಲ್ ನಂಜುಂಡಸ್ವಾಮಿ ಮಾಡಿ ಇಟ್ಟದ್ದು. ಗುಂಡಿ ಸುಮಾರು 12 ಅಡಿ ಉದ್ದವಿತ್ತಂತೆ, ಮೊಸಳೆಗೆ ಆರು ಸಾವಿರ ರೂಪಾಯಿ ಖರ್ಚಾಗಿತ್ತಂತೆ. ಸುದ್ದಿ ಹಬ್ಬಿದ ಮೇಲೆ ಪಾಲಿಕೆಯವರು ಬಂದು ಗುಂಡಿ ಮುಚ್ಚಿದರು.

ನಾವು ನಕ್ಕು ಮರೆತುಬಿಡುತ್ತಿದ್ದೆವೇನೋ. ಆದರೆ ಹೈವೇ ಎಂಜಿನಿಯರಿಂಗ್ ಪಾಠ ಮಾಡುತ್ತಿದ್ದ ಮೇಡಂ ಅದೇ ಫೋಟೊವನ್ನು ಪರದೆ ಮೇಲೆ ಹಾಕಿ, “ಮೊಸಳೆ ಬಿಡಿ, ನೀರು ನೋಡಿ. ಇದು ಇಲ್ಲಿ ಯಾಕೆ ನಿಂತಿದೆ?” ಎಂದರು. ಇಡೀ ಕ್ಲಾಸು ಗಪ್‌ಚಿಪ್. ಆಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟೆವು. ಡಾಂಬರು ರಸ್ತೆಯ ಮಧ್ಯದಿಂದ ಅಂಚಿಗೆ ಮೀಟರಿಗೆ ಸುಮಾರು 2 ಸೆಂ.ಮೀ. ಇಳಿಜಾರು ಕೊಡಬೇಕು, ಅಂಚಿನಲ್ಲಿ ಚರಂಡಿ ತೆರೆದಿರಬೇಕು. ಇವೆರಡರಲ್ಲಿ ಒಂದು ಕೈಕೊಟ್ಟರೂ ನೀರು ಬಿರುಕಿಗೆ ಇಳಿಯುತ್ತದೆ, ಕೆಳಗಿನ ಜಲ್ಲಿ ಪದರ ಮೆತ್ತಗಾಗುತ್ತದೆ, ಲಾರಿ ಚಕ್ರ ಹಾದಾಗಲೆಲ್ಲ ಜಲ್ಲಿ ಕಿತ್ತು ಬರುತ್ತದೆ. ಪುಸ್ತಕದಲ್ಲಿ ಅರ್ಧ ಪುಟವಿದ್ದ ಈ ವಿಷಯ ಅವತ್ತು ಪೂರಾ ಪೀರಿಯಡ್ ತಿಂದಿತು. ನನಗೆ ಕಾಲೇಜಿನಲ್ಲಿ ಸಿಕ್ಕ ಅತ್ಯುತ್ತಮ ಪಾಠ ಅದೇ.

ಅಲ್ಲಿಂದ ಆ ಕಲಾವಿದರ ಕೆಲಸದ ಬೆನ್ನು ಹತ್ತಿದೆ. ಅವರು ಓದಿದ್ದು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ಊರಲ್ಲಿ ಎಲ್ಲರೂ ಕಾವಾ ಅನ್ನುವ ಕಾಲೇಜು. ಬಾಯ್ದೆರೆದ ಮ್ಯಾನ್‌ಹೋಲ್ ಸುತ್ತ ಯಮನ ಮುಖ ಬರೆದು, ಆ ತೂತನ್ನೇ ಅವನ ಬಾಯಿ ಮಾಡಿದವರೂ ಅವರೇ. ಇದೆಲ್ಲ ಬರೀ ತಮಾಷೆ ಎಂದು ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ದಿನವೂ ಗುಂಡಿ ತಪ್ಪಿಸಿ ಬೈಕ್ ಓಡಿಸುವವರಿಗೆ ಅದು ಕಣ್ಣಿಗೆ ಬೀಳುವುದೇ ನಿಂತುಹೋಗಿರುತ್ತದೆ. ನಗು ಬಂದರೆ ಗಾಡಿ ನಿಲ್ಲಿಸಿ ನೋಡುತ್ತಾರೆ.

2019ರ ಸೆಪ್ಟೆಂಬರಿನಲ್ಲಿ ಬಂದ ಬಾದಲ್ ಅವರ ಚಂದ್ರನಡಿಗೆಯ ವಿಡಿಯೊ ನನಗೆ ಇನ್ನೂ ಇಷ್ಟ. ಚಂದ್ರಯಾನ-2 ಇಳಿಯಲು ಕೆಲವೇ ದಿನಗಳಿದ್ದವು. ಹೇರೋಹಳ್ಳಿ ಬಳಿಯ ತುಂಗಾನಗರದ ರಸ್ತೆಯಲ್ಲಿ ರಾತ್ರಿ ಹೊತ್ತು ಗಗನಯಾತ್ರಿಯ ಉಡುಪು ತೊಟ್ಟ ನಟ ಪೂರ್ಣಚಂದ್ರ ಮೈಸೂರು ಒಂದೊಂದೇ ಹೆಜ್ಜೆ ತೇಲಿಸಿ ಇಡುತ್ತಾರೆ. ಸುತ್ತ ಕುಳಿಗಳು, ಕಪ್ಪು ನೆರಳು, ಥೇಟ್ ಚಂದ್ರನ ನೆಲ. ಅಷ್ಟರಲ್ಲಿ ಪಕ್ಕದಲ್ಲೇ ಒಂದು ಆಟೋ ಹಾದುಹೋಗುತ್ತದೆ!

ಆಗ ನಾನು ರಸ್ತೆ ಕಾಮಗಾರಿಯಲ್ಲೇ ಕೆಲಸಕ್ಕಿದ್ದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ನೆರಳು. ಓರೆಯಾಗಿ ಬಿದ್ದ ಬೆಳಕಿನಲ್ಲಿ ರಸ್ತೆಯ ಉಬ್ಬುತಗ್ಗುಗಳೆಲ್ಲ ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಅದೇ ರಸ್ತೆ ಮಟ್ಟಸವಾಗಿ ತೋರುತ್ತದೆ. ಹೊಸದಾಗಿ ಹಾಕಿದ ಡಾಂಬರನ್ನು ನಾನೀಗ ಬೆಳಗ್ಗೆ ಬೇಗ ಇಲ್ಲವೇ ಸಂಜೆ ನೋಡಲು ಹೋಗುತ್ತೇನೆ. ಉದ್ದನೆಯ ನೀರುಗುಂಡಿಗೆ ಮೊಸಳೆ, ಒಣಕುಳಿಗಳಿಗೆ ಚಂದ್ರ: ಜಾಗದ ಆಕಾರ ನೋಡಿಯೇ ಬಾದಲ್ ಕೆಲಸ ಶುರುಮಾಡುತ್ತಾರೆ. ರಸ್ತೆಯನ್ನು ಅಷ್ಟು ಗಮನವಿಟ್ಟು ನೋಡುವ ಎಂಜಿನಿಯರುಗಳು ನಮ್ಮಲ್ಲಿ ಇನ್ನೂ ಬೇಕು.

ವಿಭಾಗದ ಈಗಿನ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ: ಅವರನ್ನು ಒಮ್ಮೆ ಕಾಲೇಜಿಗೆ ಕರೆಸಿ. ವಾರ್ಷಿಕೋತ್ಸವದ ವೇದಿಕೆಗೆ ಬೇಡ, ಹೈವೇ ಕ್ಲಾಸಿಗೇ ಕರೆಸಿ.