ಆರ್‌ವಿ ಅಡುಗೆಮನೆ: ಮೊದಲು ಮುಚ್ಚಳ, ಆಮೇಲೆ ಸಿಂಕ್

ತೀರ್ಥಹಳ್ಳಿ, ಸಾಗರದ ಕಡೆಯಿಂದ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬಂದ ಅಪ್ಪ-ಅಮ್ಮ ಆರ್‌ವಿ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಪ್ರವಾಸ ಹೋಗುವ ದೊಡ್ಡ ಗಾಡಿ) ಹತ್ತಿದರೆ ಮೊದಲು ಹುಡುಕುವುದು ಅಡುಗೆ ಕಟ್ಟೆಯನ್ನು. ಚಕ್ರದ ಮೇಲಿನ ಈ ಮನೆಯಲ್ಲಿ ಕಟ್ಟೆ ಅನ್ನುವುದು ಹೆಸರಿಗಷ್ಟೇ. ಒಂದು ಪಕ್ಕ ಒಲೆ, ಇನ್ನೊಂದು ಪಕ್ಕ ಸಿಂಕ್, ನಡುವೆ ಒಂದು ತಟ್ಟೆ ಇಡುವಷ್ಟು ಜಾಗ. ಅಕ್ಕಿರೊಟ್ಟಿ ತಟ್ಟಲಿಕ್ಕೂ ಸೌತೆಕಾಯಿ ಹೆಚ್ಚಲಿಕ್ಕೂ ಸಿಂಕಿನ ಮೇಲೆ ಮುಚ್ಚಿದ ಹಲಗೆಯೇ ಗತಿ. ಹಾಗಾಗಿ ಸಿಂಕ್ ಬದಲಿಸುವವರು ಮುಚ್ಚಳ ಯಾವುದೆಂದು ಮೊದಲು ತೀರ್ಮಾನಿಸಿ, ಅದಕ್ಕೆ ಒಗ್ಗುವ ಸಿಂಕ್ ಹುಡುಕಬೇಕು.

ಮುಚ್ಚಳಕ್ಕೆ ಮೂರು ಬಗೆಯ ಸಾಮಾನು ಬಳಕೆಯಲ್ಲಿದೆ. ಗಾಜು ನೋಡಲು ಚೆಂದ, ಆದರೆ 60×40 ಸೆಂ.ಮೀ. ಅಳತೆಯ 6 ಮಿ.ಮೀ. ಗಾಜು ಮೂರೂವರೆ ಕಿಲೋ ತೂಗುತ್ತದೆ, ದಾರಿಯುದ್ದಕ್ಕೂ ಕಟಕಟ ಅನ್ನುತ್ತದೆ, ಕತ್ತಿಯ ಬಾಯಿ ಕೆಡಿಸುತ್ತದೆ. ಮರ ನಮ್ಮ ಕೈಗೆ ಪರಿಚಿತ. ಅದರ ತೊಂದರೆ ಬೇರೆ: ಒದ್ದೆ ಸಿಂಕಿನ ಮೇಲೆ ಮುಚ್ಚಿಟ್ಟರೆ ತಳ ಮಾತ್ರ ನೀರು ಕುಡಿದು ಹಿಗ್ಗುತ್ತದೆ, ಮೇಲ್ಮೈ ಒಣಗಿರುತ್ತದೆ, ಹಲಗೆ ಬಟ್ಟಲಿನಂತೆ ಬಾಗುತ್ತದೆ. ಎಣ್ಣೆಯನ್ನು ಎರಡೂ ಮುಖಕ್ಕೆ ಸಮನಾಗಿ ಹಚ್ಚಬೇಕು, ಅದೂ ಅಡುಗೆ ಹಲಗೆಗೆಂದೇ ಮಾರುವ ಮಿನರಲ್ ಆಯಿಲ್. ಶೇಂಗಾ ಎಣ್ಣೆ ಹಚ್ಚಿದರೆ ಬರಬರುತ್ತಾ ಕಮಟು ವಾಸನೆ.

ದಿನದ ಬಳಕೆಗೆ ಅರ್ಧ ಇಂಚು ದಪ್ಪದ ಬಿಳಿ ಎಚ್‌ಡಿಪಿಇ ಪ್ಲಾಸ್ಟಿಕ್ ಹಲಗೆಯೇ ವಾಸಿ. ಇದೇ ಅಳತೆಯಲ್ಲಿ ಮೂರು ಕಿಲೋಗಿಂತ ಕಡಿಮೆ ತೂಕ, ನೀರು ಕುಡಿಯುವುದಿಲ್ಲ. ಅರಿಶಿನದ ಕಲೆ ಹಿಡಿಯುತ್ತದೆ ನಿಜ, ಆದರೆ ತೊಳೆದು ಎರಡು ದಿನ ಬಿಸಿಲಿಗಿಟ್ಟರೆ ಬಹುಪಾಲು ಮಾಸುತ್ತದೆ. ಬಿಸಿ ಕಾವಲಿ ಮಾತ್ರ ಇಡಬಾರದು, ಕರಗುತ್ತದೆ. ಶಾಖಕ್ಕೆ ಹಿಗ್ಗುವ ಗುಣವೂ ಇದಕ್ಕೆ ಜಾಸ್ತಿ; 60 ಸೆಂ.ಮೀ. ಹಲಗೆ 30 ಡಿಗ್ರಿ ಏರಿದರೆ ಎರಡು-ಮೂರು ಮಿ.ಮೀ. ಉದ್ದವಾಗುತ್ತದೆ. ಅದಕ್ಕೇ ಬದಿಗೆ 3 ಮಿ.ಮೀ. ಸಂದು ಬಿಡಿ. ಬಿಗಿಯಾಗಿ ಕೊರೆಸಿದರೆ ಬೇಸಿಗೆಯ ಮಧ್ಯಾಹ್ನ ಎತ್ತಲಿಕ್ಕೇ ಬರದು. ಒಂದೇ ಹಲಗೆ ಬದಲು ಎರಡು ತುಂಡು ಮಾಡಿಸಿದರೆ ಒಂದರ ಮೇಲೆ ಹೆಚ್ಚುತ್ತಾ ಇನ್ನೊಂದು ಬದಿಯಲ್ಲಿ ತೊಳೆಯಬಹುದು. ಬೆರಳು ತೂರಿಸಲು ಒಂದು ಇಂಚಿನ ತೂತು, ಜಾರದಂತೆ ತಳದಲ್ಲಿ ಸಿಂಕಿನ ಒಳಗೋಡೆಗೆ ತಾಗುವ ಎರಡು ಪಟ್ಟಿ ಬೇಕು.

ಇನ್ನು ಸಿಂಕ್. ಎರಡು ಗುಂಡಿಯದು ಅಂಗಡಿಯಲ್ಲಿ ಅನುಕೂಲವಾಗಿ ಕಾಣುತ್ತದೆ. 25 ಇಂಚು ಅಗಲವನ್ನು ಎರಡಾಗಿ ಸೀಳಿದರೆ ಕುಕ್ಕರ್ ಯಾವುದರಲ್ಲೂ ಕೂರುವುದಿಲ್ಲ. ನಿಮ್ಮ ಕುಕ್ಕರನ್ನು ಹಿಡಿಕೆ ಸೇರಿಸಿ ಅಳೆದು, ಒಂದೇ ಗುಂಡಿಯ ಸಿಂಕ್ ತೆಗೆದುಕೊಳ್ಳಿ. ಎರಡನೇ ಗುಂಡಿ ಬೇಕಾದಾಗ ಒಳಗೊಂದು ಬೋಗುಣಿ ಇಟ್ಟರಾಯಿತು. 304 ದರ್ಜೆಯ ಸ್ಟೀಲ್, 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ದಪ್ಪ ಸಾಕು. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು, ಇದರಲ್ಲಿ ಮೋಸಹೋಗುವವರು ಬಹಳ. ತೊಳೆದ ಕಬ್ಬಿಣದ ಕಾವಲಿಯನ್ನು ಸಿಂಕಿನಲ್ಲೇ ಒದ್ದೆಯಾಗಿ ಬಿಟ್ಟರೆ ಸ್ಟೀಲಿಗೂ ತುಕ್ಕಿನ ಕಲೆ ಹತ್ತುತ್ತದೆ. ಕಟ್ಟೆಯ ತಳಕ್ಕೆ ಅಂಟಿಸುವ ಮಾದರಿ ಬೇಡ. ಓಡುವ ಗಾಡಿಯ ಅದುರಾಟಕ್ಕೆ ಅಂಟು ಬಿಡುತ್ತದೆ. ಅಂಚು ಮೇಲೆ ಕೂತು ಕೆಳಗಿನಿಂದ ಕ್ಲಿಪ್ ಬಿಗಿಯುವುದೇ ಭದ್ರ.

ಆಳ ನಿರ್ಧರಿಸುವುದು ಕೆಳಗಿನ ಕೊಳವೆ. ವಾಸನೆ ತಡೆಯಲು ನೀರು ನಿಲ್ಲುವ ಬಾಗು ಕೊಳವೆ ಜಾಗ ತಿನ್ನುತ್ತದೆ, ಮೇಲಾಗಿ ತಿರುವಿನಲ್ಲಿ ನೀರು ಚೆಲ್ಲಿ, ತೊಳೆದ ನೀರು ತುಂಬುವ ಟ್ಯಾಂಕಿನ ವಾಸನೆ ಒಳಗೆ ಬರುತ್ತದೆ. ಅದರ ಬದಲು ಹೆಪ್ವೋ ಎಂಬ ನೀರು ಬೇಡದ ವಾಲ್ವನ್ನು ಅಡ್ಡಡ್ಡಲಾಗಿ ಜೋಡಿಸಿದರೆ ಎಷ್ಟೋ ಕಡೆ 5 ಇಂಚಿನ ಸಿಂಕ್ ತೆಗೆದು 7 ಇಂಚಿನದು ಕೂರಿಸಬಹುದು. ಆದರೂ ವಾಸನೆ ಹೋಗದಿದ್ದರೆ ಸಿಂಕಿನ ಕೆಳಗೆ ಕೊಳವೆಯ ತುದಿಯಲ್ಲಿರುವ ಗಾಳಿ ವಾಲ್ವ್ ಕೆಟ್ಟಿದೆಯೇ ನೋಡಿ. ಕಡಿಮೆ ಬೆಲೆಯದು, ತಿರುಗಿಸಿ ತೆಗೆದು ಬದಲಿಸಬಹುದು.

ಕೂರಿಸುವಾಗ ನೀರಿನ ಪಂಪ್ ಬಂದ್ ಮಾಡಿ, ಗರಗಸ ಇಳಿಯುವ ಜಾಗದ ಕೆಳಗೆ ವೈರ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಎಷ್ಟೋ ಆರ್‌ವಿಗಳ ಕಟ್ಟೆ ಮರದ ಪುಡಿ ಒತ್ತಿ ಮಾಡಿದ ಹಲಗೆ, ಮೇಲೆ ತೆಳು ಪದರ. ಕೊಯ್ದ ಅಂಚು ಬೆತ್ತಲೆ ಬಿಟ್ಟರೆ ನೀರು ತಾಗಿ ರಸ್ಕಿನಂತೆ ಉಬ್ಬುತ್ತದೆ. ಅಂಚಿಗೆ ಮೊದಲು ವಾರ್ನಿಷ್, ಒಣಗಿದ ಮೇಲೆ ಸುತ್ತಲೂ ಒಂದೇ ಎಳೆಯಲ್ಲಿ ಸಿಲಿಕೋನ್ ಅಂಟು, ನಂತರ ಸಿಂಕ್ ಇಳಿಸಿ ಎದುರುಬದುರಿನ ಕ್ಲಿಪ್‌ಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. 24 ಗಂಟೆ ನೀರು ಬಿಡಬೇಡಿ.

ಬಳಸುವಾಗ ನೆನಪಿರಲಿ, ಊರಿನಲ್ಲಿ ಪಾತ್ರೆ ತೊಳೆದ ನೀರು ಬಾಳೆ ಬುಡಕ್ಕೆ ಹೋಗುವ ಹಾಗೆ ಇಲ್ಲಿ ಎಲ್ಲೆಂದರಲ್ಲಿ ಬಿಡುವಂತಿಲ್ಲ. 115-150 ಲೀಟರಿನ ಟ್ಯಾಂಕಿನಲ್ಲಿ ತುಂಬಿಕೊಂಡು, ಅದಕ್ಕೆಂದೇ ಇರುವ ಜಾಗದಲ್ಲಿ ಖಾಲಿ ಮಾಡಬೇಕು. ಗಂಜಿ ತಿಳಿ, ಸಾರಿನ ಎಣ್ಣೆ ಟ್ಯಾಂಕಿಗೆ ಹೋದರೆ ಎರಡೇ ದಿನದಲ್ಲಿ ಹುಳಿ ನಾತ. ಪಾತ್ರೆಯನ್ನು ಮೊದಲು ಕಾಗದದಲ್ಲಿ ಒರೆಸಿ.

ಸಿಲಿಕೋನ್ ಒಣಗಿದ ಮೇಲೆ ಗುಂಡಿ ತುಂಬಾ ನೀರು ತುಂಬಿ ಒಮ್ಮೆಲೇ ಬಿಡಿ, ಪ್ರತಿ ಜೋಡಣೆಯನ್ನೂ ಒಣ ಕಾಗದದಿಂದ ಸವರಿ ನೋಡಿ. ಅದುರಾಟಕ್ಕೆ ಕೊಳವೆಯ ನಟ್ ಸಡಿಲವಾಗುವುದರಿಂದ ಮೊದಲ 150 ಕಿ.ಮೀ. ಆದ ಮೇಲೆ ಕೈಯಲ್ಲೇ ಇನ್ನೊಮ್ಮೆ ಬಿಗಿಯಿರಿ. ಗಾಡಿ ಹೊರಡುವ ಮುಂಚೆ ಮುಚ್ಚಳ ತೆಗೆದು ಮಂಚದ ಮೇಲೋ ಕಪಾಟಿನಲ್ಲೋ ಅಡ್ಡ ಮಲಗಿಸಿ.