ಘಾಟಿ ಹತ್ತುವ ಸ್ಕೂಟರಿಗೆ ಬೇಕಾಗಿದ್ದು ಗಾಳಿ

ಗೇರ್‌ಲೆಸ್ ಸ್ಕೂಟರ್ ಘಾಟಿಗೆ ಆಗಲ್ಲ ಅಂತ ನಮ್ಮ ಕಡೆ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸರಿಯಾಗಿ ನೋಡಿಕೊಂಡರೆ 110 ಸಿಸಿ ಗಾಡಿ ಇಬ್ಬರನ್ನು ಕೂರಿಸಿಕೊಂಡು ಆಗುಂಬೆ ಹತ್ತುತ್ತದೆ. ಇದು ನನಗೆ ಖಾತ್ರಿಯಾಗಿದ್ದು ಕಳೆದ ಬೇಸಿಗೆಯಲ್ಲಿ.

ಹೆಬ್ರಿಯ ನೆಂಟರ ಮನೆಯಿಂದ ವಾಪಸ್ ಬರುತ್ತಿದ್ದೆವು. ಹಿಂದೆ ನನ್ನ ಹೆಂಡತಿ, ಮುಂದೆ ಕಾಲಿಡುವ ಜಾಗದಲ್ಲಿ ಒಂದು ಚೀಲ ತೆಂಗಿನಕಾಯಿ. ಸೋಮೇಶ್ವರ ದಾಟಿದರೆ ಚಡಾವು ಶುರು, ಒಟ್ಟು 14 ಹೇರ್‌ಪಿನ್ ತಿರುವು. ಮೊದಲ ಕೆಲವು ತಿರುವು ಹೇಗೋ ಆಯಿತು. ಆಮೇಲೆ ಎಕ್ಸಲೇಟರ್ ಪೂರ್ತಿ ತಿರುವಿದರೂ ಇಂಜಿನ್ ಗುರುಗುಟ್ಟುತ್ತಿತ್ತೇ ಹೊರತು ಗಾಡಿ ಮೇಲೇರಲಿಲ್ಲ. ಸೀಟಿನ ಕೆಳಗಿಂದ ಕಾದ ರಬ್ಬರಿನ ವಾಸನೆ ಬೇರೆ. "ರೀ, ನಾನು ಇಳಿದು ನಡ್ಕೊಂಡು ಬರ್ತೀನಿ, ನೀವು ಮುಂದೆ ಹೋಗಿ" ಅಂದಳು. ಬೇಡ ಅಂದೆ. ತಿರುವಿನ ಪಕ್ಕ ನಿಲ್ಲಿಸಿ ಇಂಜಿನ್ ತಣಿಯುವವರೆಗೆ ಕಾದೆವು. ಮಂಗಗಳು ಚೀಲದ ಮೇಲೆ ಕಣ್ಣಿಟ್ಟಿದ್ದರಿಂದ ಕೂತು ಸುಧಾರಿಸಿಕೊಳ್ಳುವ ಹಾಗೂ ಇರಲಿಲ್ಲ.

ಊರಿಗೆ ಬಂದ ಮೇಲೆ ಸಲಹೆಗಳಿಗೇನು ಕಮ್ಮಿ? ಒಬ್ಬರು "ಬೋರ್ ಮಾಡಿಸಿ, ಅಂದ್ರೆ ಸಿಲಿಂಡರ್ ಅಗಲ ಮಾಡಿಸಿ, ಸಿಸಿ ಜಾಸ್ತಿ ಮಾಡ್ಸು" ಅಂದರು. ಇನ್ನೊಬ್ಬರು "ಇಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದುಹಾಕು, ಗಾಳಿ ಚೆನ್ನಾಗಿ ಬೀಳುತ್ತೆ" ಅಂದರು.

ಗಾಡಿ ತೆಗೆದುಕೊಂಡು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ಗೆ ಹೋದೆ. ನನ್ನ ಮೆಕ್ಯಾನಿಕ್ ಹಳೇ ಕಾಲದ 98 ಸಿಸಿ ಕೈನೆಟಿಕ್ ಹೋಂಡಾ ಬಿಚ್ಚಿ ಕೆಲಸ ಕಲಿತವರು. ಎರಡೂ ಸಲಹೆ ಕೇಳಿ ತಲೆ ಅಲ್ಲಾಡಿಸಿದರು. "ಮೇಷ್ಟ್ರೇ, ಬೈಕಿಗೆ ಎದುರುಗಾಳಿ ಸಿಗುತ್ತೆ. ಇದರ ಇಂಜಿನ್ ಬಾಡಿ ಒಳಗೆ ಅಡಗಿ ಕೂತಿದೆ. ಇದಕ್ಕಿರೋದು ಫ್ಯಾನ್ ಗಾಳಿ ಒಂದೇ. ಆ ಕವರ್ ತೆಗೆದ್ರೆ ಗಾಳಿ ಇಂಜಿನ್ ಬ್ಲಾಕ್‌ಗೆ ಹೋಗದೆ ಅಕ್ಕಪಕ್ಕ ಚೆಲ್ಲಿ ಹೋಗುತ್ತೆ."

ಬೋರ್ ವಿಷಯಕ್ಕೆ ನನಗೂ ಮನಸ್ಸಿರಲಿಲ್ಲ. ಆರ್‌ಸಿಯಲ್ಲಿ ಇರುವ ವಿವರಕ್ಕೆ ತಾಳೆಯಾಗದಂತೆ ಗಾಡಿ ಬದಲಾಯಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಅದು ಹಾಗಿರಲಿ, ಅದೇ ಫ್ಯಾನ್, ಅದೇ ಫಿನ್ನುಗಳನ್ನು (ಬಿಸಿ ಹೊರಬಿಡಲು ಬ್ಲಾಕಿನ ಸುತ್ತ ಇರುವ ಲೋಹದ ರೆಕ್ಕೆಗಳು) ಇಟ್ಟುಕೊಂಡು ಒಳಗೆ ಜಾಸ್ತಿ ಪೆಟ್ರೋಲ್ ಸುಟ್ಟರೆ ಆ ಬಿಸಿ ಎಲ್ಲಿಗೆ ಹೋಗಬೇಕು?

ಬಲಗಡೆ ಕವರ್ ಬಿಚ್ಚಿದಾಗ ಕಾರಣ ಕಣ್ಣೆದುರೇ ಇತ್ತು. ಬ್ಲಾಕಿನ ಫಿನ್ನುಗಳ ಸಂದಿಯಲ್ಲಿ ಕೆಮ್ಮಣ್ಣು ಎಣ್ಣೆ ಜೊತೆ ಸೇರಿ ಗಟ್ಟಿಯಾಗಿತ್ತು. ಮೇಲಿನ ಮೂಲೆಯಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು, ಹೆಬ್ಬೆರಳು ಗಾತ್ರದ್ದು. ಮೆಕ್ಯಾನಿಕ್ ಅಣ್ಣ ಸಣ್ಣ ತಂತಿಯಿಂದ ಒಂದೊಂದೇ ಸಂದಿ ಕೆರೆದರು. ಸೀಮೆಎಣ್ಣೆ ಹಾಕಿ ಬ್ರಷ್‌ನಲ್ಲಿ ಉಜ್ಜಿ, ಕಂಪ್ರೆಸರ್ ಗಾಳಿ ಹೊಡೆದರು. ಕೊನೆಗೆ ಫಿನ್ನುಗಳ ಸಾಲಿನ ನಡುವೆ ಆ ಕಡೆಯ ಬೆಳಕು ಕಂಡಿತು. ಆಯಿಲ್ ಮಟ್ಟವೂ ಕೆಳಗಿತ್ತು, ಬದಲಾಯಿಸಿದೆವು. ಇಂಥ ಇಂಜಿನ್ನಿಗೆ ಹಿಡಿಯುವುದೇ ಮುಕ್ಕಾಲು ಲೀಟರಿನ ಆಸುಪಾಸು. ಆ ಆಯಿಲೇ ಬಿಸಿಯನ್ನೂ ಹೊರಬೇಕು.

ಆಮೇಲೆ ಎಡಗಡೆ ಬೆಲ್ಟ್ ಬಾಕ್ಸ್. ನನಗೆ ತುಂಬಾ ಹಿಡಿಸಿದ್ದು ಈ ಭಾಗ. ಗೇರಿನ ಬದಲು ಇಲ್ಲಿ ಕೆಲಸ ಮಾಡುವುದು ವೇರಿಯೇಟರ್, ಅಂದರೆ ಬೆಲ್ಟ್ ಓಡುವ ಮುಂದಿನ ಪುಲ್ಲಿ. ಅದರ ಒಳಗೆ ತೂಕದ ಆರು ಪುಟ್ಟ ರೋಲರ್ ಇರುತ್ತವೆ. ಇಂಜಿನ್ ಜೋರಾಗಿ ತಿರುಗಿದಷ್ಟೂ ಅವು ಹೊರಕ್ಕೆ ಸರಿದು ಪುಲ್ಲಿಯನ್ನು ಒತ್ತುತ್ತವೆ, ಬೆಲ್ಟ್ ಮೇಲೇರುತ್ತದೆ, ಅಂದರೆ ಟಾಪ್ ಗೇರಿನ ಕಡೆಗೆ ಹೋದ ಹಾಗೆ. ನನ್ನ ರೋಲರ್‌ಗಳು ಒಂದು ಕಡೆ ಚಪ್ಪಟೆಯಾಗಿ ಸವೆದಿದ್ದವು, ಬೆರಳಲ್ಲಿ ಸವರಿದರೇ ಗೊತ್ತಾಗುತ್ತಿತ್ತು. ಬೆಲ್ಟೂ ಸವೆದು ಅಗಲ ಕಮ್ಮಿಯಾಗಿತ್ತು. ಅಣ್ಣ ಹೊಸ ಬೆಲ್ಟ್ ಹಾಕಿದರು. ರೋಲರ್ ಮಾತ್ರ ಕಂಪನಿ ತೂಕಕ್ಕಿಂತ ಸ್ವಲ್ಪ ಹಗುರದ್ದು ಆರಿಸಿದರು. ಹಗುರ ರೋಲರ್ ಸರಿಯಬೇಕಾದರೆ ಇಂಜಿನ್ ಇನ್ನೂ ಜಾಸ್ತಿ ತಿರುಗಬೇಕು. ಹಾಗಾಗಿ ಚಡಾವಿನಲ್ಲಿ ಗಾಡಿ ಲೋ ಗೇರಿನಲ್ಲೇ ಹೆಚ್ಚು ಹೊತ್ತು ಎಳೆಯುತ್ತದೆ.

ಇಂಜಿನ್ ಜಾಸ್ತಿ ತಿರುಗಿದರೆ ಜಾಸ್ತಿ ಕಾಯೋದಿಲ್ವಾ ಅಂತ ಕೇಳಿದೆ. ಅವರು ಮ್ಯಾಗ್ನೆಟ್ ಮೇಲಿನ ಫ್ಯಾನನ್ನು ಕೈಯಲ್ಲಿ ತಿರುಗಿಸಿ ತೋರಿಸಿದರು. ಫ್ಯಾನ್ ಕೂತಿರುವುದು ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ತುದಿಯಲ್ಲೇ. ಚಕ್ರ ಎಷ್ಟು ನಿಧಾನ ಓಡಿದರೂ ಅದಕ್ಕೆ ಲೆಕ್ಕವಿಲ್ಲ, ಇಂಜಿನ್ ಎಷ್ಟು ತಿರುಗುತ್ತದೋ ಅಷ್ಟು ಗಾಳಿ. ಎಕ್ಸಲೇಟರ್ ಪೂರ್ತಿ ಕೊಟ್ಟು ಇಂಜಿನ್ ಒದ್ದಾಡುತ್ತಾ ನಿಧಾನ ತಿರುಗಿದಾಗ ಬಿಸಿ ವಿಪರೀತ, ಗಾಳಿ ಕಮ್ಮಿ. ಹೆಬ್ರಿಯಿಂದ ಬರುವಾಗ ಆಗಿದ್ದು ಅದೇ. ಎಳೆಯುವ ಶಕ್ತಿಗೂ ತಣ್ಣಗಿರುವುದಕ್ಕೂ ಮದ್ದು ಒಂದೇ ಕಡೆ ಇತ್ತು ಅಂತ ತಿಳಿದು ನನಗೆ ಖುಷಿಯೋ ಖುಷಿ. ನಾಳೆಯೇ ಕ್ಲಾಸಿನಲ್ಲಿ ಹೇಳಬೇಕು ಅನ್ನಿಸಿತು.

ಮತ್ತೆ ಇಬ್ಬರೂ ಹೆಬ್ರಿಗೆ ಹೋಗಿ ಬಂದೆವು, ಬೇಕಂತಲೇ ಮಧ್ಯಾಹ್ನದ ಬಿಸಿಲಿನಲ್ಲಿ. ಇಂಜಿನ್ ಸದ್ದು ಮೊದಲಿಗಿಂತ ಜಾಸ್ತಿ, ಆದರೆ ಎಲ್ಲೂ ಮುಕ್ಕಿರಿಯಲಿಲ್ಲ. ತಿರುವಿನಿಂದ ಹೊರಬರುವಾಗ ಪಿಕಪ್ ಸಿಗುತ್ತಿತ್ತು. ಎಲ್ಲೂ ನಿಲ್ಲಿಸದೆ ಆಗುಂಬೆ ಚೆಕ್‌ಪೋಸ್ಟ್ ತಲುಪಿದೆವು. ರಬ್ಬರ್ ವಾಸನೆ ಇರಲಿಲ್ಲ.

ಬಿಟ್ಟುಕೊಡಬೇಕಾಗಿದ್ದೂ ಇದೆ. ಮೈಲೇಜ್ ಸ್ವಲ್ಪ ಇಳಿದಿದೆ. ಶಿವಮೊಗ್ಗ–ಭದ್ರಾವತಿ ರಸ್ತೆಯಲ್ಲಿ ಮೊದಲಿನಷ್ಟು ಸ್ಪೀಡ್ ಬರುವುದಿಲ್ಲ. ದಿನಾ ಬಯಲಲ್ಲೇ ಓಡಿಸುವವರು ಕಂಪನಿ ರೋಲರನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಫಿನ್ ಕ್ಲೀನಿಂಗ್ ಮಾತ್ರ ಎಲ್ಲರಿಗೂ ಬೇಕು, ಅದರಲ್ಲೂ ಮಲೆನಾಡಿನ ಕೆಸರಲ್ಲಿ ಓಡಿಸುವವರಿಗೆ. ಮಳೆಗಾಲ ಮುಗಿದ ಕೂಡಲೇ ಇನ್ನೊಮ್ಮೆ ಕವರ್ ಬಿಚ್ಚೋಣ ಅಂದಿದ್ದಾರೆ ಅಣ್ಣ. ದಸರಾ ರಜೆಯಲ್ಲಿ ಬರ್ತೀನಿ ಅಂತ ಹೇಳಿ ಬಂದಿದ್ದೇನೆ.